ಸರಳಿಗೆ ಎರಡು ಕೊಡ ನೀರು

ಕಳೆದ ಗುರುವಾರ ಸಂಜೆ ನನಗೆ ಕರೆಂಟ್ ಹೊಡೆಯಿತು.

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಕರೆಂಟಿನ ಪಾಠ ಮಾಡುತ್ತಿರುವ ವಿಜ್ಞಾನದ ಟೀಚರಿಗೆ! ನೀವು ನಗಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ಆಗಲೇ ಎಲ್ಲರೂ ನಕ್ಕು ಮುಗಿಸಿದ್ದಾರೆ.

ಹೊಡೆದದ್ದು ಸ್ವಿಚ್ಚಿನಿಂದಲ್ಲ, ಹರಿದು ಬಿದ್ದ ತಂತಿಯಿಂದಲೂ ಅಲ್ಲ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ನೆಲದಲ್ಲಿ ನೆಟ್ಟಗೆ ನಿಂತಿದ್ದ ಒಂದು ಕಬ್ಬಿಣದ ಸರಳಿನಿಂದ. ಕೈ ಝುಂ ಎಂದದ್ದು ಅರ್ಧ ಗಂಟೆಯಲ್ಲಿ ಇಳಿಯಿತು. ಇನ್ನೊಂದು ಶಾಕ್ ಮಾತ್ರ ಇದನ್ನು ಬರೆಯುವಾಗಲೂ ಇಳಿದಿಲ್ಲ. ಅದನ್ನೇ ಹೇಳಬೇಕು.

ಶುರುವಾದದ್ದು ಒಂದು ಉತ್ತರ ಪತ್ರಿಕೆಯಿಂದ.

ನಾನಿರುವುದು ಶಹಾಪುರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಹತ್ತನೇ ಕ್ಲಾಸಿಗೆ ವಿದ್ಯುತ್ ಮತ್ತು ಕಾಂತತ್ವದ ಪಾಠ ಮುಗಿಸಿ ಒಂದು ಕಿರುಪರೀಕ್ಷೆ ಇಟ್ಟಿದ್ದೆ. ಪ್ರಶ್ನೆಗಳೇನೂ ಕಷ್ಟದವಲ್ಲ. 'ವಿದ್ಯುತ್ ಮಂಡಲದ ಭಾಗಗಳನ್ನು ಬರೆಯಿರಿ.' ಬ್ಯಾಟರಿ, ತಂತಿ, ಸ್ವಿಚ್ಚು, ಬಲ್ಬು ಎಂದು ಬರೆದರೆ ಮುಗಿಯಿತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮಕ್ಕಳು ಹೇಳುತ್ತಾರೆ.

ಬಸಲಿಂಗಮ್ಮ ಎಂಬ ಹುಡುಗಿ ಹೀಗೆ ಬರೆದಿದ್ದಳು: 'ಒಂದು ತಂತಿ, ಒಂದು ಬಲ್ಬು, ಒಂದು ಸರಳು, ಎರಡು ಕೊಡ ನೀರು.'

ಮುಂದಿನ ಪ್ರಶ್ನೆ, 'ವಿದ್ಯುತ್ ಪ್ರವಾಹವು ಯಾವುದನ್ನು ಅವಲಂಬಿಸಿದೆ?' ಅದಕ್ಕೆ ಅವಳ ಉತ್ತರ: 'ನೀರನ್ನು. ಬೇಸಿಗೆಯಲ್ಲಿ ಎರಡು ಕೊಡ ಹಾಕಬೇಕು. ಮಳೆಗಾಲದಲ್ಲಿ ಅರ್ಧ ಕೊಡ ಸಾಕು. ಫ್ಯಾನ್ ಹಚ್ಚಿದರೆ ಬಲ್ಬು ಮಬ್ಬಾಗುತ್ತದೆ, ಆಗ ಇನ್ನೊಂದು ಕೊಡ ಹಾಕಬೇಕು.'

ಎರಡಕ್ಕೂ ಸೊನ್ನೆ ಹಾಕಿದೆ. ಕೆಂಪು ಇಂಕಿನಲ್ಲಿ 'ಪಾಠ ಓದು' ಎಂದೂ ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ಕ್ಲಾಸಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. (ಮಕ್ಕಳನ್ನು ನಗಿಸಿ ಜನಪ್ರಿಯಳಾಗುವ ಚಪಲ ನನಗೂ ಇದೆ, ಮುಚ್ಚಿಡುವುದೇಕೆ?)

ಯಾರೂ ನಗಲಿಲ್ಲ.

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಟೀಚರು ಒಂದು ಜೋಕು ಹೇಳಿದರೆ ಅರ್ಥವಾಗದಿದ್ದರೂ ನಗುವ ಕ್ಲಾಸದು. ಅವತ್ತು ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಇದರಲ್ಲಿ ನಗುವಂಥದ್ದೇನಿದೆ ಎಂಬಂತೆ ನನ್ನನ್ನೂ ನೋಡಿದರು.

ಬಸಲಿಂಗಮ್ಮ ಎದ್ದು ನಿಂತಳು. "ಮೇಡಂ, ಅದ ತಪ್ಪಿಲ್ರಿ. ನಮ್ಮ ಮನ್ಯಾಗ ಹಂಗೇ ಹತ್ತತದ್ರಿ."

"ನೀರ್ ಹಾಕಿದ್ರ ಬಲ್ಬ್ ಹತ್ತತದೇನು?"

"ಹೌದ್ರಿ. ನಂಬಿಕಿ ಇಲ್ಲಂದ್ರ ಬಂದ್ ನೋಡ್ರಿ."

ಈ ಹುಡುಗಿಯ ಬಗ್ಗೆ ಒಂದು ಮಾತು. ಓದಿನಲ್ಲಿ ಮೊದಲಿನವಳಲ್ಲ, ಆದರೆ ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ತಿಂಗಳ ಹಿಂದೆ ಕ್ಲಾಸಿನಲ್ಲಿ ಸೆಲ್ಲಿಗೆ ತಂತಿ ಜೋಡಿಸಿ, ತಂತಿಯ ಕೆಳಗೆ ದಿಕ್ಸೂಚಿ ಇಟ್ಟು ತೋರಿಸಿದ್ದೆ. ಕರೆಂಟ್ ಹರಿದ ಕೂಡಲೇ ಮುಳ್ಳು ಗಿರಕ್ಕನೆ ತಿರುಗಿತು. ಇಡೀ ಕ್ಲಾಸು 'ಓ' ಎಂದಿತು. ಇವಳು ಮಾತ್ರ ಹುಬ್ಬು ಗಂಟಿಕ್ಕಿ, "ಮೇಡಂ, ಮುಳ್ಳು ತಂತಿ ಮುಟ್ಟೇ ಇಲ್ಲ. ಮುಟ್ಟಲಾರದ ಅದಕ್ಕ ಹೆಂಗ ಗೊತ್ತಾತ್ರಿ?" ಎಂದಿದ್ದಳು. ತಂತಿಯಲ್ಲಿ ಕರೆಂಟ್ ಹರಿದರೆ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ, ಮುಳ್ಳು ಸಣ್ಣದೊಂದು ಅಯಸ್ಕಾಂತ, ಅದಕ್ಕೇ ತಿರುಗುತ್ತದೆ ಎಂದು ಹೇಳಿದ್ದೆ. ಪರೀಕ್ಷೆಗೆ ಅಷ್ಟು ಸಾಕು.

ಅಂಥ ಹುಡುಗಿ ಬಂದು ನೋಡಿ ಎಂದಮೇಲೆ ಹೋಗದಿದ್ದರೆ ಹೇಗೆ? ಗುರುವಾರ ಸ್ಕೂಲು ಬಿಟ್ಟ ಮೇಲೆ ಅವಳ ಜೊತೆಗೇ ಶೇರ್ ಆಟೋ ಹತ್ತಿದೆ. ಗೋಗಿ ದಾಟಿ ಸ್ವಲ್ಪ ದೂರದ ಹಳ್ಳಿ. (ಹಳ್ಳಿಯ ಹೆಸರು ಕೇಳಬೇಡಿ. ಹೇಳಿದರೆ ಮುಂದಿನ ಸಲ ನನಗೆ ಚಾ ಸಿಗುವುದಿಲ್ಲ.) ಕುರಿ ಸಾಕುವ ಮನೆ. ಅಪ್ಪ ಮಾಳಪ್ಪ ಅವತ್ತು ಕುರಿಗಳನ್ನು ತಮ್ಮನ ಜೊತೆ ಅಡವಿಗೆ ಕಳಿಸಿ ಶಹಾಪುರದ ಬಜಾರಿಗೆ ಹೋಗಿ ಬಂದಿದ್ದರು. ಅಮ್ಮ ಸಾಬಮ್ಮ. ಒಳಗೆ ಹಿರಿಯ ಮಗಳು ಬಾಣಂತಿ, ಕೂಸಿಗೆ ಒಂಬತ್ತು ದಿನ.

"ಬರ್ರಿ ಮೇಡಮ್ಮೋರ, ಕಾಲಿಗಿ ನೀರ್ ತಗೋರ್ರಿ" ಎಂದು ಸಾಬಮ್ಮ ಒಂದು ಚೊಂಬು ನೀರು ಕೈಗಿತ್ತರು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬಾಯಿಗೆ. ಚಪ್ಪಲಿ ಬಿಟ್ಟು ಗೋಡೆಯ ಪಕ್ಕದ ಬಚ್ಚಲ ಕಡೆ ಹೋದೆ. ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಸೊಂಟದೆತ್ತರದ ಕಬ್ಬಿಣದ ಸರಳು ನೆಟ್ಟಿತ್ತು. ತುದಿಗೆ ಅರಿಶಿನ ಕುಂಕುಮ. ಯಾವುದೋ ದೇವರದ್ದಿರಬೇಕು, ಇಲ್ಲವೇ ಕುರಿ ಕಟ್ಟುವ ಗೂಟ ಎಂದುಕೊಂಡೆ. ಒಂದು ಪಾದಕ್ಕೆ ನೀರು ಹಾಕಿಕೊಂಡು, ಇನ್ನೊಂದನ್ನು ಎತ್ತುವಾಗ ಆಯ ತಪ್ಪದಿರಲೆಂದು ಸರಳಿಗೆ ಕೈ ಕೊಟ್ಟೆ.

ಝುಂ!

ಬೆರಳಿನಿಂದ ಹೊರಟದ್ದು ಮೊಳಕೈ ದಾಟಿ ಭುಜದಲ್ಲಿ ನಿಂತಿತು. ಚೊಂಬು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಹೋಗಿ ಕುಕ್ಕರಿಸಿದೆ. ಬಾಯಿಂದ ಹೊರಟ ಶಬ್ದ ವಿಜ್ಞಾನ ಟೀಚರಿಗೆ ಶೋಭಿಸುವಂಥದ್ದಲ್ಲ.

ಸಾಬಮ್ಮ ಓಡಿ ಬಂದರು. ಗಾಬರಿಯಿಂದಲ್ಲ, ನಗುತ್ತಾ. "ಯವ್ವಾ, ಮೇಡಮ್ಮೋರಿಗಿ ಹಿಡೀತು! ಫ್ಯಾನ್ ಹಚ್ಚೇವ್ರಿ, ಅದಕ್ಕ. ಬಸಲಿಂಗಿ, ಜಲ್ದಿ ನೀರ್ ಹಾಕ್ ಅದಕ್ಕ!"

ಮಾಳಪ್ಪನವರೂ ಸಮಾಧಾನ ಹೇಳಿದರು. "ಏನಾಗಂಗಿಲ್ರಿ. ಝುಂ ಅಂತಂದ್ರ ಕರೆಂಟ್ ಚೊಲೊ ಬರಾಕತ್ತದ ಅಂತ ತಿಳ್ಕೊಬೇಕು."

ಕೇಳಿದಿರಾ? ಹಾಲು ಕರೆಯುವ ಎಮ್ಮೆ ಒದ್ದರೂ ಸೈ ಎನ್ನುವ ಧಾಟಿಯಲ್ಲಿ!

ಅಷ್ಟರಲ್ಲಿ ಬಸಲಿಂಗಮ್ಮ ಬರಿಗಾಲಲ್ಲಿ ಕೊಡ ಎತ್ತಿಕೊಂಡು ಬರುತ್ತಿದ್ದಳು. ದಿನಾ ಸಂಜೆಯ ಕೆಲಸವಂತೆ. ದೀಪ ಹಚ್ಚುವ ಮುಂಚೆ ಸರಳಿಗೆ ಎರಡು ಕೊಡ. ಎರಡು ವರ್ಷದಿಂದ.

"ನಿಲ್ಲು!" ಎಂದು ಕಿರುಚಿದೆ. ಕೊಡ ಅಲ್ಲೇ ನಿಂತಿತು. ಒಳಗೆ ಕೂಸು ಎದ್ದು ಅಳತೊಡಗಿತು. ಬಸಲಿಂಗಮ್ಮನಿಂದಲೇ ಫ್ಯಾನು, ಬಲ್ಬು, ಕೊನೆಗೆ ಮೇನ್ ಸ್ವಿಚ್ಚು ಎಲ್ಲ ಬಂದ್ ಮಾಡಿಸಿದ ಮೇಲೆ ನನ್ನ ಉಸಿರು ಸರಿಯಾಯಿತು.

ನಡೆದದ್ದಿಷ್ಟು. ಮನೆಗೆ ಮೀಟರ್ ಇದೆ, ಎಲ್ಲ ಸರಿಯಾಗಿಯೇ ಇತ್ತು. ಕಂಬದಿಂದ ಎರಡು ತಂತಿ ಬಂದಿದ್ದವು. ಎರಡು ವರ್ಷದ ಹಿಂದೆ ಗಾಳಿಗೆ ಒಂದು ಕಡಿದು ಬಿತ್ತು. ಕರೆಂಟನ್ನು ಮನೆಗೆ ತರುವ ತಂತಿ ಉಳಿಯಿತು. ವಾಪಸ್ ಒಯ್ಯುವ ತಂತಿ, ನಮ್ಮ ಪುಸ್ತಕ 'ತಟಸ್ಥ ತಂತಿ' ಎನ್ನುತ್ತದಲ್ಲ, ಅದು ಹೋಯಿತು. ಊರಲ್ಲಿ ರಿಪೇರಿ ಬಲ್ಲವನೊಬ್ಬ ಬಂದು, ತಂತಿಗೆ ಯಾಕೆ ಕಾಯುತ್ತೀರಿ, ನೆಲಕ್ಕೆ ಸರಳು ಹೊಡೆಯಿರಿ ಎಂದ. ಹೊಡೆದು, ಮನೆಯೊಳಗಿನಿಂದ ಒಂದು ತಂತಿ ತಂದು ಅದರ ಬುಡಕ್ಕೆ ಸುತ್ತಿದರು. ಬಲ್ಬು ಹತ್ತಿತು! ಒಣ ನೆಲದಲ್ಲಿ ಮಬ್ಬು, ಹಸಿ ನೆಲದಲ್ಲಿ ಝಗ್ಗ. ಹಾಗಾಗಿ ಊರಲ್ಲಿ ಯಾವಾಗಲೂ ಹಸಿಯಾಗಿರುವ ಜಾಗ ಹುಡುಕಿ ಸರಳು ನೆಡುವುದು ರೂಢಿಯಾಯಿತು. ಮನೆಯಲ್ಲಿ ಯಾವಾಗಲೂ ಹಸಿಯಾಗಿರುವ ಜಾಗ ಯಾವುದು? ಬಚ್ಚಲು.

ಬೆಳಕು ಕೊಡುವ ವಸ್ತು ಎಂದು ಅಮಾವಾಸ್ಯೆಗೊಮ್ಮೆ ಅರಿಶಿನ ಕುಂಕುಮ ಬೇರೆ. ಆ ಓಣಿಯಲ್ಲಿ ನಡೆದು ನೋಡಿದೆ. ಇಂಥ ಸರಳು ಇನ್ನೂ ಕೆಲವು ಮನೆಗಳಲ್ಲಿದ್ದವು. ನನ್ನ ಕ್ಲಾಸು ಯಾಕೆ ನಗಲಿಲ್ಲ ಎಂದು ಆಗ ತಿಳಿಯಿತು.

ನಾನು ಬೈಯಲು ಬಾಯಿ ತೆರೆದೆ. ಮಾಳಪ್ಪನವರು ಮೊದಲೇ ಬಾಯಿ ಮುಚ್ಚಿಸಿದರು.

"ಅಲ್ರಿ ಮೇಡಮ್ಮೋರ, ನಿಮ್ಮ ಬುಕ್ಕಿನಾಗೂ ಭೂಮಿಗಿ ತಂತಿ ಹೊಡಿಬೇಕಂತ ಬರದಾರಂತಲ್ರಿ? ಮಗಳೇ ಓದಿ ಹೇಳ್ಯಾಳ. ಭೂಮಿತಾಯಿ ಎಲ್ಲಾ ನುಂಗ್ತಾಳಂತ."

ಇದಪ್ಪ ಶಾಕು! ಹೌದು, ಬರೆದಿದೆ. ಭೂಸಂಪರ್ಕ ತಂತಿ ನಮ್ಮನ್ನು ಅಪಾಯದಿಂದ ಕಾಪಾಡುತ್ತದೆ ಎಂದು ಇಪ್ಪತ್ತೆರಡು ವರ್ಷ ನಾನೇ ಬಾಯಿಪಾಠ ಮಾಡಿಸಿದ್ದೇನೆ. ಅದು ಯಾವಾಗಲೋ ಒಮ್ಮೆ, ಇಸ್ತ್ರಿ ಪೆಟ್ಟಿಗೆಯ ಮೈಗೆ ಕರೆಂಟ್ ಬಂದಾಗ ತಪ್ಪಿಸಿಕೊಂಡು ಹೋಗಲು ಇಟ್ಟ ಹಿಂಬಾಗಿಲು, ದಿನಾ ಓಡಾಡುವ ಹೆಬ್ಬಾಗಿಲಲ್ಲ ಎಂದು ಒಂದು ಸಲವಾದರೂ ಹೇಳಿದ್ದೇನೆಯೇ? ನೆನಪಿಲ್ಲ. ಹೇಳಿಲ್ಲ ಎಂದೇ ಅರ್ಥ.

ಕುಂಡ್ರಿ ಎಂದರು, ಕುಳಿತೆ. ಚಾ ಬಂತು. ಚಾದ ಜೊತೆಗೆ ಮಾಳಪ್ಪನವರು ಹೆಮ್ಮೆಯಿಂದ ಒಂದು ಡಬ್ಬಿಯನ್ನೂ ತಂದು ತೋರಿಸಿದರು. ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್. ಬಜಾರಿಗೆ ಹೋಗಿದ್ದು ಅದಕ್ಕೇ.

"ಕಟಗಿ ಹೊಗಿ ಕೂಸಿಗಿ ಆಗವಲ್ದು. ಕೆಮ್ಮಿ ಕೆಮ್ಮಿ ಕೆಂಪಗ ಆಗ್ತದ್ರಿ. ನಾಳಿಂದ ಬಾಣಂತಿ ಜಳಕಕ್ಕ ಇದೇ" ಎಂದರು.

ಸಾಬಮ್ಮ ಸೇರಿಸಿದರು: "ಬಸಲಿಂಗಿಗಿ ಹೇಳೀನ್ರಿ. ನಾಳಿ ಎರಡ ಕೊಡ ಸಾಲಂಗಿಲ್ಲ, ಜಾಸ್ತಿ ಹಾಕಂತ."

ನಾನು ಚಾ ಕೆಳಗಿಟ್ಟೆ.

ಸ್ವಲ್ಪ ನೀವೇ ಯೋಚಿಸಿ. ಸರಳು ಇರುವುದು ಬಚ್ಚಲಲ್ಲಿ. ಬಾಣಂತಿ ಕೂರುವುದು ಬಚ್ಚಲಲ್ಲಿ. ಬಿಸಿನೀರು ಹರಿಯುವುದು ಸರಳಿನ ಬುಡಕ್ಕೆ. ಆ ಕಾಯಿಲ್ ಹಚ್ಚಿದರೆ ಬಕೆಟ್ಟಿನ ನೀರು ಕಾಯುವುದು ಹಾಗಿರಲಿ, ಒಳಗೆ ಬಂದ ಕರೆಂಟೆಲ್ಲ ಆ ಒದ್ದೆ ನೆಲಕ್ಕೇ ಇಳಿಯಬೇಕು. ಪಕ್ಕದಲ್ಲಿ ಕೊಡ ಹಿಡಿದು ನನ್ನ ವಿದ್ಯಾರ್ಥಿನಿ.

ನನಗೆ ಗೊತ್ತಿದ್ದ ಪಾಠವನ್ನೆಲ್ಲ ಹೇಳತೊಡಗಿದೆ. ರೋಧ ಎಂದೆ, ವೋಲ್ಟೇಜ್ ಎಂದೆ, ಸೂತ್ರ ಹೇಳಿದೆ. ಮಾಳಪ್ಪನವರು ಮರ್ಯಾದೆಯಿಂದ ತಲೆಯಾಡಿಸಿದರು. ಒಂದಕ್ಷರವೂ ಇಳಿಯಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ನನ್ನ ಕ್ಲಾಸಿನಲ್ಲೂ ಇಂಥ ಮುಖಗಳಿರುತ್ತವೆ. ಅವನ್ನು ನಾನು 'ಅರ್ಥವಾಗಿದೆ' ಎಂದು ತಿಳಿದು ಮುಂದಿನ ಪುಟ ತಿರುಗಿಸುತ್ತೇನೆ.

ಕೊನೆಗೆ ಕೇಳಿದೆ. "ಮಾಳಪ್ಪೋರ, ಮುಂಜಾನಿ ಅಡವಿಗಿ ಹ್ವಾದ ಕುರಿ ಸಂಜೀಗಿ ಏನ್ ಮಾಡ್ತಾವ?"

"ದೊಡ್ಡಿಗಿ ಬರ್ತಾವ್ರಿ. ಮತ್ತೆಲ್ಲಿ ಹೋಗ್ತಾವ?"

"ದಿನಾ ಬರೋ ದಾರಿಗಿ ಯಾರರ ಬೇಲಿ ಹಚ್ಚಿದ್ರ?"

"ನಿಲ್ತಾವೇನ್ರಿ ಅವು? ಯಾರ ಹೊಲ ಇದ್ರೇನು, ನುಗ್ಗಿ ತುಳಕೋತ ಬರ್ತಾವ."

"ಕರೆಂಟೂ ಹಂಗೇ. ಟಿಸಿಯಿಂದ, ಅಂದ್ರ ಊರ ಟ್ರಾನ್ಸ್‌ಫಾರ್ಮರಿನಿಂದ, ಹೊರಟದ್ದು ಟಿಸಿಗೇ ವಾಪಸ್ ಹೋಗಬೇಕು. ಅದರ ದಾರಿ ಕಡದ ಬಿದ್ದದ. ಈಗ ಸಿಕ್ಕಿದ್ದರಾಗ ನುಗ್ಗತದ. ಭೂಮ್ಯಾಗ ನುಗ್ಗತದ, ನೀರಾಗ ನುಗ್ಗತದ. ನಾಳಿ ಬಚ್ಚಲದಾಗ ಕುಂತ ನಿಮ್ಮ ಮಗಳ ಮೈಯಾಗ ನುಗ್ಗತದ."

ಮಾಳಪ್ಪನವರ ತಲೆಯಾಡಿಸುವಿಕೆ ನಿಂತಿತು.

ಬಸಲಿಂಗಮ್ಮ ಅಷ್ಟು ಹೊತ್ತು ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು. ಈಗ ಕೇಳಿದಳು, "ಮೇಡಂ, ಈ ಕಾಯಿಲ್ ಎಷ್ಟ್ ಫ್ಯಾನಿನಷ್ಟ್ ಎಳೀತದ್ರಿ?"

"ಇಪ್ಪತ್ತು ಅಂತ ತಿಳ್ಕೊ."

ಅವಳ ತುಟಿ ಲೆಕ್ಕ ಹಾಕಿತು. ಒಂದು ಫ್ಯಾನಿಗೆ ಒಂದು ಕೊಡ. ಇಪ್ಪತ್ತು ಫ್ಯಾನಿಗೆ ಇಪ್ಪತ್ತು ಕೊಡ. ಅಷ್ಟೂ ನೀರು ಅಕ್ಕ ಕೂರುವಲ್ಲೇ. ಅವಳು ಬಚ್ಚಲ ಕಡೆ ತಿರುಗಿ ನೋಡಿದಳು.

"ಅಪ್ಪಾ," ಎಂದಳು, "ಹ್ವಾದ ವಾರ ಮರಿ ಅಲ್ಲೇ ಸತ್ತಿತ್ತಲ್ಲ."

ಬಚ್ಚಲ ನೀರು ಕುಡಿಯಲು ಹೋದ ಕುರಿಮರಿಯೊಂದು ಸರಳಿಗೆ ಬಾಯಿ ಹಚ್ಚಿ ಬಿದ್ದಿತ್ತಂತೆ. ಅವತ್ತೂ ಫ್ಯಾನ್ ಹಚ್ಚಿತ್ತಂತೆ. ಯಾರದೋ ಕಣ್ಣು ತಾಗಿದೆ ಎಂದು ಲಿಂಬೆಹಣ್ಣು ಇಳಿ ತೆಗೆದು ಹಾಕಿದ್ದರು. ಆ ಲಿಂಬೆಹಣ್ಣು ಸರಳಿನ ಬುಡದಲ್ಲೇ ಒಣಗಿ ಬಿದ್ದಿತ್ತು.

ಸಾಬಮ್ಮ ಎದ್ದು ಒಳಗೆ ಹೋದರು. ಕೂಸನ್ನು ಎತ್ತಿಕೊಂಡು ಹೊರಗೆ ಬಂದು, ಬಚ್ಚಲಿನಿಂದ ದೂರದ ಗೋಡೆಗೆ ಬೆನ್ನು ಹಚ್ಚಿ ಕುಳಿತರು. ಆಗ ನಗು ಎಲ್ಲೂ ಇರಲಿಲ್ಲ.

ಬಸಲಿಂಗಮ್ಮ ಮತ್ತೆ ನನ್ನ ಬಳಿ ಬಂದಳು. "ಆ ದಿಕ್ಸೂಚಿ ಮುಳ್ಳು ತಂದ್ ಸರಳಿನ ಬಾಜೂಕ ಇಟ್ರ ಹೇಳ್ತದೇನ್ರಿ, ಅದರಾಗ ಕರೆಂಟ್ ಅದನೋ ಇಲ್ಲೋ?"

ಎಂಥ ಪ್ರಶ್ನೆ ನೋಡಿ! ಅದಕ್ಕೆ ಹೌದು ಎನ್ನಲು ನನಗೆಷ್ಟು ಆಸೆಯಿತ್ತು. ಆದರೆ ಆಗುವುದಿಲ್ಲ. ಸೆಲ್ಲಿನ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ಮುಳ್ಳು ತಿರುಗುತ್ತದೆ. ಮನೆಯ ಕರೆಂಟ್ ಸೆಕೆಂಡಿಗೆ ಐವತ್ತು ಸಲ ಆ ಕಡೆ ಈ ಕಡೆ ಓಡಾಡುತ್ತದೆ. ಯಾವ ಕಡೆ ತಿರುಗಬೇಕೆಂದು ಮುಳ್ಳಿಗೆ ತಿಳಿಯದೆ ನಿಂತಲ್ಲೇ ನಿಲ್ಲುತ್ತದೆ. ಹಾಗೇ ಹೇಳಿದೆ.

"ಅಂದ್ರ ಮುಳ್ಳಿಗೂ ತಿಳಿಯಂಗಿಲ್ಲ, ನಮಗೂ ತಿಳಿಯಂಗಿಲ್ಲ" ಎಂದಳು.

ನಾನು ಆ ಕಾಯಿಲ್ ಡಬ್ಬಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಎರಡನೇ ತಂತಿ ಬರುವವರೆಗೆ ಇದು ನನ್ನ ಹತ್ತಿರ ಇರುತ್ತದೆ, ಅಲ್ಲಿಯತನಕ ಮೇನ್ ಸ್ವಿಚ್ಚು ಮುಟ್ಟಕೂಡದು ಎಂದೆ. (ಪಾಲಕರ ಸಾಮಾನು ಜಪ್ತಿ ಮಾಡುವ ಅಧಿಕಾರ ಟೀಚರಿಗೆ ಇದೆಯೇ? ಇಲ್ಲ. ಮಾಡಿದೆ.) ಮಾಳಪ್ಪನವರು ಬೇಡ ಎನ್ನಲಿಲ್ಲ. ಮರುದಿನ ಕುರಿಗಳನ್ನು ಮತ್ತೆ ತಮ್ಮನಿಗೇ ಬಿಟ್ಟು ಲೈನ್‌ಮನ್ ಮನೆ ಮುಂದೆ ಹೋಗಿ ಕುಳಿತರಂತೆ. ಶನಿವಾರ ಲೈನ್‌ಮನ್ ಬಂದ. ಅರ್ಧ ಗಂಟೆಯ ಕೆಲಸ. ಎರಡು ವರ್ಷ ನೀರು ಹೊತ್ತದ್ದು ಒಂದು ಅರ್ಧ ಗಂಟೆಯ ಕೆಲಸಕ್ಕೆ!

ಸರಳು ಇನ್ನೂ ಇದೆ. ಕೀಳಲು ಸಾಬಮ್ಮ ಒಪ್ಪಲಿಲ್ಲ, "ಬೆಳಕ ಕೊಟ್ಟದ್ದನ್ನ ಕೀಳಬಾರದ್ರಿ" ಎಂದರು. ತಂತಿ ಬಿಚ್ಚಿಸಿದ್ದೇನೆ. ಈಗ ಅದಕ್ಕೆ ಕುರಿಮರಿ ಕಟ್ಟುತ್ತಾರೆ. ನಾನು ಮೊದಲು ಅಂದುಕೊಂಡಂತೆಯೇ ಅದು ಗೂಟವಾಯಿತು. ಅದನ್ನಾದರೂ ಸರಿಯಾಗಿ ಊಹಿಸಿದೆನಲ್ಲ ಎಂಬ ಸಮಾಧಾನ ನನಗೆ.

ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಸೋಮವಾರ ಈ ಕಥೆಯನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕೈ ಬಾಯಿ ತಿರುಗಿಸಿ ಹೇಳಿದೆ. ಹಳ್ಳಿಯವರಿಗೆ ತಿಳಿವಳಿಕೆ ಎಂಬುದೇ ಇಲ್ಲ ನೋಡಿ ಎಂದೂ ಅಂದೆ. ಗಣಿತದ ಸರ್ ನಮ್ಮ ಚಾ ಕೆಟಲ್ಲಿನ ಪ್ಲಗ್ಗನ್ನು ಎತ್ತಿ ತೋರಿಸಿದರು. ಮೂರು ಕಾಲಿನ ಪ್ಲಗ್ಗಿಗೆ ಎರಡೇ ಕಾಲು. ಗೋಡೆಯ ಹಳೇ ಸಾಕೆಟ್ಟಿಗೆ ಹಿಡಿಸಲಿಲ್ಲ ಎಂದು ಮೇಲಿನ ದಪ್ಪ ಕಾಲನ್ನು, ಅಂದರೆ ಭೂಸಂಪರ್ಕದ ಆ ಕಾಲನ್ನೇ, ಹೋದ ವರ್ಷ ಇಕ್ಕಳದಿಂದ ಮುರಿದು ಹಾಕಿದವರು ಯಾರು?

ನಾನೇ.

ಹಾಗಾದರೆ ಯಾರಿಗೆ ತಿಳಿವಳಿಕೆ ಇಲ್ಲ? ಅವರು ಭೂಮಿಗೆ ಹೋಗಬಾರದ್ದನ್ನು ಭೂಮಿಗೆ ಕಳಿಸಿದರು. ನಾನು ಭೂಮಿಗೆ ಹೋಗಬೇಕಾದ ದಾರಿಯನ್ನೇ ಮುರಿದೆ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಡುವವಳು.

ಅವತ್ತಿನ ಕ್ಲಾಸಿಗೆ ಪುಸ್ತಕ ಒಯ್ಯಲಿಲ್ಲ. ನಿಮ್ಮ ನಿಮ್ಮ ಮನೆಗೆ ಕಂಬದಿಂದ ತಂತಿ ಹೇಗೆ ಬರುತ್ತದೆ, ಹೇಗೆ ವಾಪಸ್ ಹೋಗುತ್ತದೆ, ಚಿತ್ರ ಬರೆಯಿರಿ ಎಂದೆ. ಬರೆದರು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಶ್ರದ್ಧೆಯಿಂದ ಬರೆದ ಚಿತ್ರಗಳನ್ನು ನಾನು ನೋಡಿಲ್ಲ. ಸರಳಿನ ಚಿತ್ರಗಳನ್ನು ಬೇರೆ ತೆಗೆದಿಟ್ಟೆ. ಒಂದು ಕೈಯ ಬೆರಳು ಸಾಲಲಿಲ್ಲ. ಕೆಲವರು ಪಕ್ಕದಲ್ಲಿ ಕೊಡವನ್ನೂ ಬರೆದಿದ್ದರು. ಒಬ್ಬ ಹುಡುಗ ಸರಳಿಗೆ ಕುಂಕುಮವನ್ನೂ ಬಿಟ್ಟಿರಲಿಲ್ಲ. ಈಗ ದಿನಾ ಸಂಜೆ ಒಂದೊಂದೇ ಮನೆಗೆ ಹೋಗುತ್ತಿದ್ದೇನೆ. ಕಾಲಿಗೆ ನೀರು ಕೊಟ್ಟರೆ ಬಚ್ಚಲಿಗೆ ಹೋಗುವುದಿಲ್ಲ, ಅಂಗಳದಲ್ಲೇ ತೊಳೆದುಕೊಳ್ಳುತ್ತೇನೆ.

ಬಸಲಿಂಗಮ್ಮನ ಉತ್ತರ ಪತ್ರಿಕೆಯನ್ನು ವಾಪಸ್ ತರಿಸಿಕೊಂಡೆ. ಎರಡು ಸೊನ್ನೆಗಳನ್ನೂ 'ಪಾಠ ಓದು' ಎಂಬುದನ್ನೂ ಅವಳ ಎದುರಿಗೇ ಹೊಡೆದು ಹಾಕಿದೆ. ನೆಲ ಒಣಗಿದರೆ ರೋಧ ಹೆಚ್ಚು, ರೋಧ ಹೆಚ್ಚಿದರೆ ಕರೆಂಟ್ ಕಡಿಮೆ. ಎರಡು ವರ್ಷ ಕೊಡ ಹೊತ್ತು ಅವಳು ಕಂಡುಕೊಂಡದ್ದು ಅದನ್ನೇ. ಪುಸ್ತಕ ಅದನ್ನು ಒಂದು ಸಾಲಿನಲ್ಲಿ ಹೇಳುತ್ತದೆ, ಅಷ್ಟೇ ವ್ಯತ್ಯಾಸ. ಪೂರ್ತಿ ಅಂಕ ಕೊಟ್ಟೆ.

ಅವಳು ಪತ್ರಿಕೆಯನ್ನು ಮಡಚಿಕೊಂಡಳು. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಎಂದಿನಂತೆ ಹುಬ್ಬು ಗಂಟಿಕ್ಕಿದಳು.

"ಮೇಡಂ, ಬೋರ್ಡ್ ಪರೀಕ್ಷಾದ ಪೇಪರ್ ತಿದ್ದೋರೂ ನಮ್ಮನಿಗಿ ಬಂದ್ ನೋಡ್ತಾರೇನ್ರಿ?"